ಊರು ಎಲ್ಲಾಯ್ತು?

ಮಂಗಳೂರಿನ ನಮ್ಮ ಫ್ಲ್ಯಾಟಿನ ಲಿಫ್ಟಿನಲ್ಲಿ ಹೊಸಬರು ಯಾರಾದರೂ ಸಿಕ್ಕರೆ ಮೂರನೇ ಮಹಡಿ ಬರುವುದರೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ನಿಮ್ಮದು ಊರು ಎಲ್ಲಾಯ್ತು?" ಬೆಂಗಳೂರಿನವರಿಗೆ ಈ ‘ಆಯ್ತು’ ವಿಚಿತ್ರವಾಗಿ ಕೇಳಿಸುತ್ತದೆ. ಅಲ್ಲಿ "ಯಾವೂರು ನಿಮ್ದು?" ಅಂದರೆ ಮುಗಿಯಿತು. ನಮ್ಮಲ್ಲಿ ಮಾತ್ರ ಊರು ‘ಆಗಬೇಕು’. ತುಳುವಿನ "ಇಲ್ಲ್ ಓಲಾಂಡ್?" (ಮನೆ ಎಲ್ಲಾಯ್ತು?) ಎನ್ನುವುದೇ ಕನ್ನಡದ ಅಂಗಿ ಹಾಕಿಕೊಂಡು ಬಂದಿರಬೇಕು ಅಂತ ನನ್ನ ಊಹೆ.

ನಾನು ಬೆಳೆದದ್ದು ಮಂಗಳೂರಿನ ಬಿಜೈಯಲ್ಲಿ. ಅಪ್ಪನ ಮನೆ ಕಾರ್ಕಳದ ಹತ್ತಿರ. ಅಮ್ಮನ ಕುಟುಂಬದ ಮನೆ ವಿಟ್ಲದ ಕಡೆ. ನಡುವೆ ಆರು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದೆ. ಲಿಫ್ಟಿನಲ್ಲಿ ಕೇಳಿದವರಿಗೆ "ಬಿಜೈ" ಅಂದರೆ ಯಾರೂ ಒಪ್ಪುವುದಿಲ್ಲ. "ಅದು ಈಗ ಇರುವುದಲ್ವಾ? ಮೂಲ ಎಲ್ಲಿ?" ಅನ್ನುತ್ತಾರೆ. ಕಾರ್ಕಳ ಅಂದರೆ "ಕಾರ್ಕಳದಲ್ಲಿ ಎಲ್ಲಿ?" ಗ್ರಾಮದ ಹೆಸರು ಹೇಳಿದರೆ "ಅಲ್ಲಿ ಯಾವ ಮನೆ?" ಮನೆಯ ಹೆಸರು ಹೇಳಿದ ಮೇಲೆಯೇ ಮುಖದಲ್ಲಿ ಸಮಾಧಾನ. ಒಂದು ವೇಳೆ ಆ ಮನೆಯ ಯಾರದ್ದಾದರೂ ಗುರ್ತ ಸಿಕ್ಕಿತೋ, ಲಿಫ್ಟಿನ ಬಾಗಿಲು ಹಿಡಿದುಕೊಂಡೇ ಹತ್ತು ನಿಮಿಷ ಮಾತು.

ಅದೇ ಬೆಂಗಳೂರಿನಲ್ಲಿ ನಾನು ಆರು ವರ್ಷವೂ ‘ಮಂಗಳೂರಿನವನು’. ಕಾರ್ಕಳ ಬೇರೆ ಜಿಲ್ಲೆ ಅಂತ ಒಂದೆರಡು ಸಲ ಹೇಳಿ ನೋಡಿದೆ. ಕೇಳಿದವರು "ಎಲ್ಲ ಒಂದೇ ಬಿಡಿ, ನಿಮ್ಮ ಕಡೆ ಮೀನು ಚೆನ್ನಾಗಿರುತ್ತೆ" ಅಂದರು. ಆಮೇಲೆ ಸುಮ್ಮನಾದೆ. ದೂರ ಹೋದಷ್ಟೂ ಊರು ದೊಡ್ಡದಾಗುತ್ತದೆ, ಹತ್ತಿರ ಬಂದಷ್ಟೂ ಸಣ್ಣದಾಗಿ ಕೊನೆಗೆ ಒಂದು ಅಂಗಳದಷ್ಟಾಗುತ್ತದೆ.

‘ಉಡುಪಿ ಹೋಟೆಲ್’ ಎಂಬ ಬೋರ್ಡನ್ನೇ ನೋಡಿ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿ ಉಡುಪಿ ಊಟಕ್ಕೆ ದೊಡ್ಡ ಹೆಸರು ತಂದವರು ಕೆ. ಕೃಷ್ಣರಾಯರು. ಅವರ ಊರು ಕಡಂದಲೆ, ಮೂಡುಬಿದಿರೆಯ ಕಡೆ. ಬೆಂಗಳೂರಿನ ಎಂಟಿಆರ್ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಮಯ್ಯರು ಕೋಟದ ಹತ್ತಿರದ ಪಾರಂಪಳ್ಳಿಯವರು. ಊರಿನಲ್ಲಿ ಇವರನ್ನು ಉಡುಪಿಯವರು ಅಂದರೆ ಯಾರೂ ತಲೆದೂಗುವುದಿಲ್ಲ. ಕೋಟ ಬೇರೆ, ಉಡುಪಿ ಬೇರೆ, ಮೂಡುಬಿದಿರೆ ಅಂತೂ ಇನ್ನೂ ಬೇರೆ. ಬ್ರಹ್ಮಾವರ ದಾಟಿ ಕೋಟ, ಕುಂದಾಪುರದ ಕಡೆಗೆ ಹೋದ ಹಾಗೆ ತುಳು ತೆಳುವಾಗಿ ಕುಂದಾಪ್ರ ಕನ್ನಡ ಶುರುವಾಗುತ್ತದೆ. ಅಲ್ಲಿನವರು ಈಗ ಆಟಿ (ಆಷಾಢ) ಅಮಾವಾಸ್ಯೆಯ ದಿನ ತಮ್ಮ ಭಾಷೆಯ ದಿನವನ್ನೇ ಆಚರಿಸುತ್ತಾರೆ. ಅವರನ್ನು ‘ಮಂಗಳೂರಿನವರು’ ಅಂತ ಕರೆದು ನೋಡಿ, ಮತ್ತೆ ನನ್ನನ್ನು ದೂರಬೇಡಿ.

ಹಾಗಾದರೆ ‘ನಾನು ಇಂಥ ಊರಿನವನು’ ಅಂದರೆ ಏನು ಹೇಳಿದ ಹಾಗೆ? ಹುಟ್ಟಿದ ಜಾಗವೇ? ಬೆಳೆದ ಜಾಗವೇ? ಹಿರಿಯರ ಜಾಗವೇ?

ನಮಗೆ ಗೊತ್ತಿರುವ ಮೂರು ಮುಖಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಐಶ್ವರ್ಯಾ ರೈ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು, ಬೆಳೆದದ್ದು ಮುಂಬಯಿಯಲ್ಲಿ. ಕೆ.ಎಲ್. ರಾಹುಲ್ ಹುಟ್ಟಿದ್ದು ಬೆಂಗಳೂರಿನಲ್ಲಿ, ತಂದೆಯ ಊರು ಮಾಗಡಿ ಕಡೆ. ಆದರೆ ತಂದೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಪ್ರೊಫೆಸರ್ ಆಗಿದ್ದರಿಂದ ರಾಹುಲ್ ಬೆಳೆದದ್ದು ಇಲ್ಲಿ. ರವಿ ಶಾಸ್ತ್ರಿ ಇಲ್ಲಿ ಹುಟ್ಟಲೂ ಇಲ್ಲ, ಬೆಳೆಯಲೂ ಇಲ್ಲ. ಎರಡೂ ಮುಂಬಯಿಯಲ್ಲೇ. ಆದರೆ ಕಾರ್ಕಳ ತಾಲ್ಲೂಕಿನ ಎರ್ಲಪಾಡಿಯ ನಾಗನಿಗೆ ಪೂಜೆ ಕೊಡಲು ಅವರು ಬರುತ್ತಾರೆ. ಮೂವರನ್ನೂ ನಾವು ‘ನಮ್ಮೂರಿನವರು’ ಅನ್ನುತ್ತೇವೆ. ಒಬ್ಬರಿಗೆ ಹುಟ್ಟು, ಒಬ್ಬರಿಗೆ ಬಾಲ್ಯ, ಒಬ್ಬರಿಗೆ ನಾಗ. ಸೆಂಚುರಿ ಹೊಡೆದರೆ ನಿಯಮ ಇನ್ನೂ ಸಡಿಲವಾಗುತ್ತದೆ ಅನ್ನುವುದು ಬೇರೆ ಮಾತು.

ಹುಟ್ಟಿದ ಊರಿನ ವಿಷಯ ಬೇಗ ಮುಗಿಸಿಬಿಡುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ಅದಕ್ಕೆ ಅಂಥ ತೂಕವಿಲ್ಲ. ಈಗ ಹುಟ್ಟುವುದು ಆಸ್ಪತ್ರೆಯಲ್ಲಿ. ಬಂಟ್ವಾಳದ ಮಗು, ಮೂಡುಬಿದಿರೆಯ ಮಗು, ಗಡಿಯಾಚೆ ಮಂಜೇಶ್ವರದ ಮಗು ಎಷ್ಟೋ ಸಲ ಮಂಗಳೂರಿನ ಹೆರಿಗೆ ವಾರ್ಡಿನಲ್ಲಿ ಕಣ್ಣು ಬಿಡುತ್ತದೆ. ನಾನು ಹುಟ್ಟಿದ್ದು ಲೇಡಿಗೋಶನ್ ಆಸ್ಪತ್ರೆಯಲ್ಲಿ. ಜನನ ಪತ್ರ ನೋಡಿದರೆ ಅರ್ಧ ಜಿಲ್ಲೆ ಹಂಪನಕಟ್ಟೆಯ ಸುತ್ತಮುತ್ತ ಹುಟ್ಟಿದೆ. ಜನಗಣತಿಯವರಿಗೂ ಇದು ಗೊತ್ತು. 2011ರ ಎಣಿಕೆಯಲ್ಲಿ ವಲಸೆಗೆ ಕಾರಣ ಕೇಳುವಾಗ ಕೆಲಸ, ಮದುವೆ, ಓದು ಇವುಗಳ ಜೊತೆ ‘ಹುಟ್ಟಿದ ಮೇಲೆ ಬಂದದ್ದು’ ಎಂಬುದೂ ಒಂದು ಆಯ್ಕೆಯಾಗಿತ್ತು. ತಾಯಿಯ ಮನೆಯಲ್ಲೋ ಆಸ್ಪತ್ರೆಯಲ್ಲೋ ಹುಟ್ಟಿ, ಬಾಣಂತನ ಮುಗಿಸಿ ಬಂದ ಕೂಸು ಸರ್ಕಾರದ ಲೆಕ್ಕದಲ್ಲಿ ವಲಸಿಗ!

ಇನ್ನು ‘ಮೂಲ’. ಕಥೆ ಇರುವುದೇ ಇಲ್ಲಿ.

ತುಳುನಾಡಿನ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ಇತ್ತು. ಆಸ್ತಿ, ಬರಿ (ಗೋತ್ರದ ಹಾಗೆ), ಕುಟುಂಬ ಎಲ್ಲ ತಾಯಿಯ ಕಡೆಯಿಂದ. ಹಾಗಾಗಿ ಒಬ್ಬ ಮನುಷ್ಯ ಅಪ್ಪನ ಮನೆಯಲ್ಲಿ ಬೆಳೆದು, ಅಮ್ಮನ ಕುಟುಂಬಕ್ಕೆ ಸೇರಿ, ಮೂರನೇ ಊರಿನಲ್ಲಿ ಸಂಸಾರ ಮಾಡುವುದು ಹೊಸತೇನಲ್ಲ. ನನ್ನ ಕುಟುಂಬದ ಮನೆಯಲ್ಲಿ ನಾನು ಒಟ್ಟು ಹತ್ತು ರಾತ್ರಿ ಮಲಗಿದ್ದೇನೋ ಇಲ್ಲವೋ. ಆದರೂ ದೈವಕ್ಕೆ ಪ್ರಾರ್ಥನೆ ಮಾಡುವಾಗ ನನ್ನ ಹೆಸರು ಸೇರುವುದು ಅಲ್ಲಿಗೆ. 1949ರ ಅಳಿಯಸಂತಾನ ಕಾಯ್ದೆ ಬಂದು ಪಾಲು ಕೇಳುವ ಹಕ್ಕು ಸಿಕ್ಕಿತು. ಕವರು ಕವರುಗಳಾಗಿ, ಅಂದರೆ ತಾಯಿಯ ಕಡೆಯ ಕವಲುಗಳಾಗಿ, ಕುಟುಂಬಗಳು ಒಡೆದವು. ಭೂಮಿ ಹಂಚಿಹೋಯಿತು. ದೈವದ ಕೋಣೆ ಮತ್ತು ನಾಗಬನ ಮಾತ್ರ ಹಂಚಲಾಗದೆ ಉಳಿದವು. ಈಗ ‘ಮೂಲ’ ಅಂದರೆ ಅವೇ.

ನಾಗರಪಂಚಮಿಯ ದಿನ ಕರಾವಳಿಯ ಒಳರಸ್ತೆಗಳನ್ನು ನೋಡಬೇಕು. ಹಾಲು, ಸೀಯಾಳ, ಹಿಂಗಾರ ಹಿಡಿದುಕೊಂಡ ಕಾರುಗಳು ತೋಟದ ಮಣ್ಣುದಾರಿಯಲ್ಲಿ ಸಾಲುಗಟ್ಟುತ್ತವೆ. ಬೆಂಗಳೂರಿನ ನಂಬರ್, ಮಹಾರಾಷ್ಟ್ರದ ನಂಬರ್. ಇಳಿಯುವ ಮಕ್ಕಳಿಗೆ ತುಳು ಬರುವುದಿಲ್ಲ. ಆದರೆ ಮೂಲನಾಗನಿಗೆ ತನು (ಹಾಲು, ಸೀಯಾಳ) ಎರೆಯಲು ಬಂದಿದ್ದಾರೆ. ಮೂಲ ಯಾವುದು ಅಂತ ಮರೆತುಹೋದವರು ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಟ್ಟು ಹುಡುಕಿಸುತ್ತಾರೆ. ಎರಡು ಮೂರು ತಲೆಮಾರು ಬೊಂಬಾಯಿಯಲ್ಲಿ ಕಳೆದ ಮನೆಯವರು, ಮನೆಯಲ್ಲಿ ಏನೋ ತೊಂದರೆ ಬಂತು ಅಂತ, ಎಂದೂ ನೋಡದ ಊರಿನ ಯಾವುದೋ ತೋಟದಲ್ಲಿ ಕಲ್ಲು ಹುಡುಕಿಕೊಂಡು ಬರುವುದನ್ನು ನಾನೇ ಕಂಡಿದ್ದೇನೆ. ಇದರಲ್ಲಿ ನಂಬಿಕೆ ಎಷ್ಟು, ಭಯ ಎಷ್ಟು, ಜ್ಯೋತಿಷಿಯ ವ್ಯಾಪಾರ ಎಷ್ಟು ಅಂತ ಬೇರೆ ಮಾಡುವುದು ಕಷ್ಟ. ಆದರೆ ಆ ಜನರಿಗೆ ಊರೊಂದು ಸಿಕ್ಕಿದ್ದಂತೂ ನಿಜ.

ಕೊಂಕಣಿ ಮಾತಾಡುವ ಜಿಎಸ್‌ಬಿಗಳಿಗೆ (ಗೌಡ ಸಾರಸ್ವತ ಬ್ರಾಹ್ಮಣರಿಗೆ) ಮೂಲ ಇನ್ನೂ ದೂರ. ಶತಮಾನಗಳಿಂದ ಇಲ್ಲೇ ಇದ್ದರೂ ಕುಲದೇವರು ಗೋವೆಯಲ್ಲಿ. ಮಂಗೇಶಿ, ಕವಳೆಯ ಶಾಂತಾದುರ್ಗೆ, ಮಾರ್ದೊಳದ ಮಹಾಲಸೆ. ಗೋವೆಯಿಂದಲೇ ಬಂದ ಕ್ಯಾಥೊಲಿಕರ ಕಥೆ ಬೇರೆ. 1784ರಲ್ಲಿ ಟಿಪ್ಪು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಬದುಕಿ ಉಳಿದವರು 1799ರ ನಂತರ ಮರಳಿದ್ದು ಗೋವೆಗಲ್ಲ, ಇಲ್ಲಿಗೆ. ನನ್ನ ಮಟ್ಟಿಗೆ ಊರು ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇವತ್ತು ಇಬ್ಬರು ಕ್ಯಾಥೊಲಿಕರು ಭೇಟಿಯಾದರೆ ಗೋವೆಯ ಸುದ್ದಿಯೇ ಬರುವುದಿಲ್ಲ. ಯಾವ ಇಗರ್ಜಿ (ಚರ್ಚು) ಅಂತ ಕೇಳುತ್ತಾರೆ. ಮಿಲಾಗ್ರಿಸ್ಸಾ, ಬೆಂದೂರಾ, ಕುಲಶೇಖರವಾ? ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು ಯಾವ ಜಮಾತ್ (ಮಸೀದಿಯ ಕೂಟ) ಅಂತ ಕೇಳುತ್ತಾರೆ. ಮದುವೆ ಗೊತ್ತಾದರೆ ಒಬ್ಬರಿಗೆ ಇಗರ್ಜಿಯಿಂದ ಜ್ಞಾನಸ್ನಾನದ ಪತ್ರ ಬೇಕು, ಇನ್ನೊಬ್ಬರಿಗೆ ಜಮಾತಿನ ಕಾಗದ ಬೇಕು.

ಇದನ್ನೆಲ್ಲ ಒಟ್ಟಿಗೆ ನೋಡಿದಾಗ ನನಗೆ ಅನಿಸುವುದು ಇಷ್ಟು. ನಮ್ಮಲ್ಲಿ ಊರು ಅಂದರೆ ನಕ್ಷೆಯಲ್ಲಿರುವ ಜಾಗಕ್ಕಿಂತ ಜಾಸ್ತಿ, ನಿಮ್ಮ ಹೆಸರು ಬರೆದಿಟ್ಟ ಒಂದು ಪುಸ್ತಕ. ಇಗರ್ಜಿಯ ದಾಖಲೆ, ಜಮಾತಿನ ಪುಸ್ತಕ, ದೇವಸ್ಥಾನದ ವಂತಿಗೆಯ ರಶೀದಿ. ಬ್ರಹ್ಮಕಲಶ (ದೇವಸ್ಥಾನದ ಪುನಃಪ್ರತಿಷ್ಠೆ) ಬಂದಾಗ ನಮ್ಮ ಮನೆಗೆ ಮೂರು ಕಡೆಯಿಂದ ರಶೀದಿ ಪುಸ್ತಕ ಬರುತ್ತದೆ. ಬಿಜೈಯವರು ಬರುತ್ತಾರೆ, ಕಾರ್ಕಳದವರು ಬರುತ್ತಾರೆ, ವಿಟ್ಲದವರು ಫೋನ್ ಮಾಡಿ ಆಮೇಲೆ ಬರುತ್ತಾರೆ. ಅಮ್ಮ ಮೂವರಿಗೂ ಕೊಡುತ್ತಾಳೆ, ಒಂದೇ ಮೊತ್ತ ಅಲ್ಲ. ಯಾರಿಗೆ ಎಷ್ಟು ಎನ್ನುವುದರಲ್ಲಿ ಅವಳ ಊರು ಯಾವುದು ಅಂತ ಲೆಕ್ಕ ಹಾಕಬಹುದು. ಬೆಂಗಳೂರಿನ ಆರು ವರ್ಷದಲ್ಲಿ ನನ್ನ ಬಾಗಿಲಿಗೆ ಅಲ್ಲಿಯ ಒಂದು ರಶೀದಿಯೂ ಬರಲಿಲ್ಲ. ಆಗ ಖುಷಿಯಾಗಿತ್ತು, ದುಡ್ಡು ಉಳಿಯಿತು ಅಂತ.

ಆದರೆ ಈ ಪುಸ್ತಕದಲ್ಲಿ ಎಲ್ಲರ ಹೆಸರೂ ಒಂದೇ ಥರ ಇರಲಿಲ್ಲ. ಹೆಚ್ಚಿನವರು ಗೇಣಿ ಒಕ್ಕಲುಗಳು. ‘ಇಂಥ ಗುತ್ತಿನ (ಧಣಿಯ ಮನೆಯ) ಒಕ್ಕಲು’ ಎನ್ನುವುದೇ ಅವರ ವಿಳಾಸವಾಗಿತ್ತು. 1974ರ ಭೂಸುಧಾರಣೆ ಬಂದು, ಡಿಕ್ಲರೇಶನ್ (ಒಕ್ಕಲಿನ ಅರ್ಜಿ) ಕೊಟ್ಟು ಭೂಮಿ ಸಿಕ್ಕಿದ ಮೇಲೆ ಅದು ಬದಲಾಯಿತು. ನಮ್ಮ ಕಡೆ ಈಗಲೂ ‘ಡಿಕ್ಲರೇಶನ್‌ನಲ್ಲಿ ಬಂದ ಜಾಗ’ ಅನ್ನುತ್ತಾರೆ. ಆ ಮಾತಿನಲ್ಲಿ ಕೆಲವರಿಗೆ ಹೆಮ್ಮೆ, ಕೆಲವರಿಗೆ ಹಳೆಯ ಹೊಟ್ಟೆಉರಿ. ಧಣಿಯ ಊರು ಒಕ್ಕಲಿನ ಸ್ವಂತ ಊರಾಯಿತು. ಇತ್ತ ಗುತ್ತಿನ ಮನೆಯ ಕೆಲವು ಹುಡುಗರು ಬೊಂಬಾಯಿಯ ಹೋಟೆಲುಗಳಿಗೆ ಹೊರಟರು. ಮುಂದೆ ಅವರದ್ದೇ ದುಡ್ಡಿನಲ್ಲಿ ಹಳೆಯ ಮನೆಗಳಿಗೆ ಗ್ರಾನೈಟ್ ಬಂತು. ವರ್ಷಕ್ಕೆ ಎರಡು ದಿನ ತೆರೆಯುವ ಮನೆಗೆ ಅಷ್ಟು ಗ್ರಾನೈಟ್ ಯಾಕೆ ಅಂತ ನಾನು ಕೇಳಬಾರದು. ಆದರೂ ಕೇಳಬೇಕು ಅನಿಸುತ್ತದೆ.

ಊರೇ ಎದ್ದು ಹೋದವರೂ ಇದ್ದಾರೆ. ಪಣಂಬೂರಿನ ಬಂದರು 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. ಅದಕ್ಕೆ ಮನೆ, ಗದ್ದೆ ಬಿಟ್ಟುಕೊಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ನಿವೇಶನ ಕೊಟ್ಟರು. ಬೈಲು, ಬೆಟ್ಟು, ಕೋಡಿ, ಕುದ್ರು ಅಂತ ಹೆಸರಿದ್ದ ಜಾಗದಿಂದ ಬಂದವರು ‘ಮೂರನೇ ಬ್ಲಾಕ್’, ‘ಏಳನೇ ಬ್ಲಾಕ್’ ಆದರು. ಇಂದಿಗೂ ಬಸ್ಸಿನಲ್ಲಿ ಹಾಗೇ ಹೇಳುತ್ತಾರೆ. ಅಲ್ಲಿನ ಹಿರಿಯರೊಬ್ಬರು ಒಮ್ಮೆ ನನಗೆ ತಮ್ಮ ಹಳೆಯ ಮನೆ ತೋರಿಸಿದರು. ಬಂದರಿನ ಕಾಂಪೌಂಡಿನ ಆಚೆ ಕೈ ತೋರಿಸಿ "ಅಲ್ಲಿ, ಆ ಹಡಗು ಉಂಟಲ್ಲ, ಅದರ ಅಡಿಯಲ್ಲಿ" ಅಂದರು. ತಮಾಷೆಗೆ ಹೇಳಿದರೋ ನಿಜಕ್ಕೂ ಅಲ್ಲೇ ಇತ್ತೋ ನನಗೆ ಗೊತ್ತಾಗಲಿಲ್ಲ. ಅವರ ಮೊಮ್ಮಗಳಿಗೆ ಮಾತ್ರ ಊರು ಅಂದರೆ ಬ್ಲಾಕ್, ಅದರಲ್ಲಿ ಅವಳಿಗೆ ಯಾವ ಕೊರತೆಯೂ ಕಂಡಿಲ್ಲ.

ಗಡಿ ಬದಲಾದ ಮೇಲೆ ಊರು ಇದ್ದಲ್ಲೇ ಇದ್ದು ಬೇರೆಯಾದವರು ಕಾಸರಗೋಡಿನವರು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತು. ಸೇರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಳ್ಳುವವರೆಗೂ ಆ ಆಸೆ ಬಿಡಲಿಲ್ಲ. ಉಪ್ಪಳ, ಮಂಜೇಶ್ವರದ ಹುಡುಗರು ಇಂದು ಬೆಂಗಳೂರಿನಲ್ಲಿ ಊರು ಕೇಳಿದರೆ "ಮಂಗಳೂರು" ಅಂದುಬಿಡುತ್ತಾರೆ. ಕಾಸರಗೋಡು ಅಂದರೆ "ಓ ಮಲಯಾಳಿಯಾ?" ಎಂಬ ಎರಡನೇ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ ಅಂತ ನನ್ನ ಸಹಪಾಠಿ ಹೇಳುತ್ತಿದ್ದ.

ಈಗ ‘ದಕ್ಷಿಣ ಕನ್ನಡ’ ಎಂಬ ಹೆಸರನ್ನೇ ತೆಗೆದು ‘ಮಂಗಳೂರು ಜಿಲ್ಲೆ’ ಮಾಡಬೇಕು ಎಂಬ ಕೂಗು ಎದ್ದಿದೆ. ಹೊರಗಿನವರಿಗೆ ಮಂಗಳೂರು ಗೊತ್ತು, ದಕ್ಷಿಣ ಕನ್ನಡ ಗೊತ್ತಿಲ್ಲ ಎನ್ನುವುದು ಅವರ ವಾದ. ಸುಳ್ಯ, ಪುತ್ತೂರಿನವರಿಗೆ ಇದು ಹೇಗೆ ಕೇಳಿಸುತ್ತದೆ ಅಂತ ಕೇಳಿದವರು ಕಡಿಮೆ. ಅದೂ ಅಲ್ಲದೆ, ಯಾವ ಮಂಗಳೂರು? ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ‘ಮಂಗಳೂರು’ ಆದಾಗ ಮನೆಯೊಳಗೆ ಯಾರೂ ಏನನ್ನೂ ಬದಲಾಯಿಸಿಕೊಳ್ಳಲಿಲ್ಲ.

ಇಷ್ಟು ಹೊತ್ತು ಈ ಪ್ರಶ್ನೆ ಏನೋ ಪ್ರೀತಿಯದ್ದು ಎಂಬ ಹಾಗೆ ಬರೆದೆ. ಎಲ್ಲರಿಗೂ ಅದು ಹಾಗಲ್ಲ. ಊರು ಎಲ್ಲಾಯ್ತು, ಯಾವ ಮನೆ, ಯಾರ ಪೈಕಿ. ಈ ಮೂರು ಮೆಟ್ಟಿಲು ಹತ್ತಿದರೆ ಜಾತಿ ಕೇಳದೆಯೇ ಜಾತಿ ಗೊತ್ತಾಗುತ್ತದೆ. ನಾವು ಜಾತಿ ಕೇಳುವುದಿಲ್ಲ ಎಂದು ಹೆಮ್ಮೆಪಡುವ ಜನ ನಾವು. ಕೇಳುವ ಅಗತ್ಯ ಬೀಳುವುದಿಲ್ಲ, ಅಷ್ಟೇ. ದಲಿತ ಗೆಳೆಯನೊಬ್ಬ ಹೇಳಿದ್ದು: "ಗ್ರಾಮದ ಹೆಸರು ಹೇಳುವವರೆಗೆ ಎಲ್ಲ ಸರಿ. ‘ಅಲ್ಲಿ ಎಲ್ಲಿ?’ ಅಂತ ಕೇಳುತ್ತಾರೆ. ಕಾಲನಿ ಅಂದೆನೋ, ಮುಂದೆ ಯಾರದ್ದೂ ಗುರ್ತ ಕೇಳುವುದಿಲ್ಲ." ಬಾಡಿಗೆ ಮನೆ ಹುಡುಕುವಾಗ ಅವನು ಈಗ ತಾಲ್ಲೂಕಿನ ಹೆಸರಿಗೇ ನಿಲ್ಲಿಸುತ್ತಾನಂತೆ. ಇನ್ನು ರಾತ್ರಿ ಹೊತ್ತು ಇಬ್ಬರು ಹುಡುಗ ಹುಡುಗಿ ಮಾತಾಡುತ್ತ ನಿಂತಾಗ ನಾಲ್ಕು ಜನ ಸುತ್ತುವರಿದು "ಹೆಸರೇನು, ಊರೆಲ್ಲಿ?" ಅಂತ ಕೇಳುವುದೂ ನಮ್ಮ ಇದೇ ಊರಿನಲ್ಲಿ. ಶಬ್ದ ಅದೇ, ಬಾಯಿ ಬೇರೆ.

ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನವರು ದುಡಿಯುತ್ತಾರೆ. ಮಂಗಳೂರಿನ ಕಟ್ಟಡಗಳನ್ನು ಬಾಗಲಕೋಟೆ, ಗದಗದ ಕಡೆಯವರು ಕಟ್ಟಿದರು, ಈಗ ಬಿಹಾರದವರು ಕಟ್ಟುತ್ತಿದ್ದಾರೆ. ಸಕಲೇಶಪುರದಿಂದ ಬೀದರ್‌ವರೆಗೆ ಎಲ್ಲರಿಗೂ ನಮ್ಮಲ್ಲಿ ಒಂದೇ ಹೆಸರು, ‘ಘಟ್ಟದವರು’. ಬೆಂಗಳೂರಿನಲ್ಲಿ ನನ್ನನ್ನು ಮಂಗಳೂರಿನವನು ಅಂದದ್ದಕ್ಕೆ ಬೇಜಾರು ಮಾಡಿಕೊಂಡ ನಾನೇ ಈ ಶಬ್ದವನ್ನು ಎಷ್ಟು ಸಲ ಬಳಸಿಲ್ಲ?

ಇದೆಲ್ಲ ಈಗ ಯಾಕೆ ಮುಖ್ಯ ಅಂದರೆ, ಸರ್ಕಾರದ ಪುಸ್ತಕವೂ ಇದೇ ಪ್ರಶ್ನೆ ಕೇಳತೊಡಗಿದೆ. ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ 2025ರಲ್ಲಿ ಬಿಹಾರದಲ್ಲಿ ಶುರುವಾಗಿ ಅದೇ ವರ್ಷ ಪಕ್ಕದ ಕೇರಳಕ್ಕೂ ಬಂತು. ಮಂಜೇಶ್ವರಕ್ಕೆ ಮದುವೆಯಾಗಿ ಹೋದ ನನ್ನ ಚಿಕ್ಕಮ್ಮನ ಮಗಳು ಅಪ್ಪ ಅಮ್ಮನ ಹೆಸರು ಹುಡುಕಲು ಕರ್ನಾಟಕದ ಹಳೆಯ ಪಟ್ಟಿ ತೆರೆಯಬೇಕಾಯಿತು. ಕಾಗದದಲ್ಲಿ ಎರಡು ರಾಜ್ಯ. ಅವಳ ತಾಯಿಯ ಮನೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ.

ಕಾನೂನಿನ ಪ್ರಕಾರ ಊರು ಬಹಳ ಸರಳ. 1950ರ ಜನಪ್ರಾತಿನಿಧ್ಯ ಕಾಯ್ದೆಯ 20ನೇ ಕಲಂ ನೋಡುವುದು ಒಂದೇ, ನೀವು ‘ಸಾಮಾನ್ಯವಾಗಿ ವಾಸಿಸುವ’ ಜಾಗ ಯಾವುದು ಅಂತ. ಒಂದು ಕಡೆ ಸ್ವಂತ ಮನೆ ಇದೆ ಎಂಬ ಒಂದೇ ಕಾರಣಕ್ಕೆ ನೀವು ಅಲ್ಲಿಯ ವಾಸಿ ಆಗುವುದಿಲ್ಲ. ಸ್ವಲ್ಪ ಕಾಲ ಬೇರೆಡೆ ಹೋದಿರಿ ಅಂತ ವಾಸ ತಪ್ಪುವುದೂ ಇಲ್ಲ. ಎರಡು ಕ್ಷೇತ್ರದಲ್ಲಿ ಹೆಸರು ಇಡುವಂತಿಲ್ಲ. ವಿಚಿತ್ರ ಏನೆಂದರೆ ವಿದೇಶಕ್ಕೆ ಹೋದವರ ವಿಷಯದಲ್ಲಿ ಇದೇ ಕಾಯ್ದೆ ಮೆತ್ತಗಾಗಿದೆ. 2010ರ ತಿದ್ದುಪಡಿಯ ನಂತರ ದುಬೈಯಲ್ಲಿರುವ ಭಾರತೀಯ ಪ್ರಜೆ ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲೇ ಹೆಸರು ಸೇರಿಸಬಹುದು. ಮುಂಬಯಿಯಲ್ಲಿ ಕಾಯಂ ನೆಲೆಸಿದವರಿಗೆ ಆ ಅವಕಾಶ ಇಲ್ಲ. ಅವರು ಎಷ್ಟು ರಶೀದಿ ಹರಿಸಿದ್ದರೂ, ಮತ್ಸ್ಯಗಂಧ ರೈಲಿನಲ್ಲಿ ಎಷ್ಟು ಸಲ ಊರಿಗೆ ಬಂದು ಹೋದರೂ ಇಲ್ಲ.

ಕಾನೂನು ಹೇಳುವುದು ಸರಿಯೇ ಅಂತ ನನ್ನ ಅಭಿಪ್ರಾಯ. ರಸ್ತೆ ಹಾಳಾದರೆ ಅದರಲ್ಲಿ ದಿನಾ ಓಡಾಡುವವನು ಓಟು ಹಾಕಲಿ, ನಾಗರಪಂಚಮಿಗೆ ಬರುವವನು ಅಲ್ಲ. ಆದರೆ ಅದೇ ಲೆಕ್ಕದಲ್ಲಿ ಘಟ್ಟದಿಂದ ಬಂದು ಇಪ್ಪತ್ತು ವರ್ಷ ಇಲ್ಲೇ ಇರುವವನು ಊರಿನವನು ಎಂಬುದನ್ನೂ ಒಪ್ಪಬೇಕಾಗುತ್ತದೆ. ಅಲ್ಲಿ ನಮ್ಮ ಬಾಯಿ ಸ್ವಲ್ಪ ತಡವರಿಸುತ್ತದೆ.

ನಮ್ಮ ಫ್ಲ್ಯಾಟಿನ ವಾಚ್‌ಮನ್ ಬಾದಾಮಿ ಕಡೆಯವರು. ಮಗಳು ಇಲ್ಲೇ ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು, ತುಳು ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ಹೋದ ವರ್ಷ ಭಜನಾ ಮಂದಿರದವರು ರಶೀದಿ ಪುಸ್ತಕ ಹಿಡಿದುಕೊಂಡು ಬಂದಾಗ ಅವರೇ ಕರೆದು ಇನ್ನೂರು ರೂಪಾಯಿ ಕೊಟ್ಟರು. ರಶೀದಿಯಲ್ಲಿ ‘ಶ್ರೀ’ ಅಂತ ಒಂದು ಗೆರೆ, ಕೆಳಗೆ ‘ಊರು’ ಅಂತ ಒಂದು ಗೆರೆ. "ಊರು ಏನು ಬರೆಯುವುದು?" ಅಂತ ಕೇಳಿದರು. ಅಪ್ಪ "ಬಾದಾಮಿ ರೀ" ಅಂದರು. ಮಗಳು ಹಿಂದಿನಿಂದ "ಬಿಜೈ" ಅಂದಳು. ಬರೆಯುತ್ತಿದ್ದವರು ಇಬ್ಬರ ಮುಖವನ್ನೂ ನೋಡಿ ಎರಡನ್ನೂ ಬರೆದರು. ಗೆರೆಯಲ್ಲಿ ಜಾಗ ಸಾಲದೆ ಬಿಜೈ ಕೆಳಗಿಳಿದು ಮೊತ್ತದ ಪಕ್ಕಕ್ಕೆ ಹೋಗಿತ್ತು.